ಡಾಕ್ಟರ್ ಬಂದರೋ, ಬಂದನೋ? ಹ್ಯಾರಿಯೆಟ್ ಜೇಕಬ್ಸ್ ಅನುವಾದ ಮಾಡಿದ ನನ್ನ ಅನುಭವ

ಮೊದಲ ಕರಡಿನಲ್ಲಿ ನಾನು ಬರೆದದ್ದು ಹೀಗೆ: 'ಡಾಕ್ಟರ್ ಬಾಗಿಲಿಗೆ ಬಂದರು.' ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೆ. ಸಂಜೆ ಅದನ್ನೇ ಜೋರಾಗಿ ಓದುವಾಗ ನಾಲಿಗೆ ತಡೆಯಿತು. ಬಂದವನು ಆ ಮನೆಯ ಯಜಮಾನ. ಹುಡುಗಿ ಹದಿನೈದನೇ ವರ್ಷಕ್ಕೆ ಕಾಲಿಟ್ಟಾಗಿನಿಂದ ಅವಳ ಕಿವಿಯಲ್ಲಿ ಹೊಲಸು ಮಾತಾಡುತ್ತಾ ಬೆನ್ನು ಹತ್ತಿದವನು. ಡಾಕ್ಟರ್ ಅನ್ನುವ ಒಂದೇ ಕಾರಣಕ್ಕೆ ನನ್ನ ಕೈ ತಾನಾಗಿ ಅವನಿಗೆ ಬಹುವಚನ ಹಾಕಿತ್ತು.

ನಾನು ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವವಳು. ಕಪ್ಪು ಮಹಿಳೆಯರ ಬರಹ ಸಿಲೆಬಸ್‌ನಲ್ಲಿ ಬಂದಾಗಲೆಲ್ಲ ಮಕ್ಕಳು ಸಾರಾಂಶ ಬಾಯಿಪಾಠ ಮಾಡಿ ಮುಗಿಸುತ್ತಿದ್ದರು. ಹಾಗಾಗಿ ನಾಲ್ಕು ಅಧ್ಯಾಯಗಳನ್ನಾದರೂ ಕನ್ನಡಕ್ಕೆ ತರೋಣ ಅಂತ ಕೂತೆ. ಆರಿಸಿಕೊಂಡದ್ದು ಹ್ಯಾರಿಯೆಟ್ ಜೇಕಬ್ಸ್ ಅವರ ಆತ್ಮಕಥೆ. 1813ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದ ಈಡೆಂಟನ್ ಊರಲ್ಲಿ ಗುಲಾಮಳಾಗಿ ಹುಟ್ಟಿದವರು. ಪುಸ್ತಕ ಬಾಸ್ಟನ್ನಿನಲ್ಲಿ 1861ರಲ್ಲಿ ಬಂತು. ಅದರಲ್ಲಿ ಅವರ ಹೆಸರು ಲಿಂಡಾ ಬ್ರೆಂಟ್. ಆ ಮನೆಯ ಯಜಮಾನ ಡಾಕ್ಟರ್ ಜೇಮ್ಸ್ ನಾರ್ಕಮ್ ಅಲ್ಲಿ ಡಾಕ್ಟರ್ ಫ್ಲಿಂಟ್ ಆಗಿದ್ದಾನೆ.

ಇಂಗ್ಲಿಷಿನಲ್ಲಿ 'ಹೀ' ಅಂದರೆ ಮುಗಿಯಿತು. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಯಾರು ಮೇಲೆ, ಯಾರು ಕೆಳಗೆ ಅಂತ ಹೇಳಿಯೇ ಮುಂದೆ ಹೋಗಬೇಕು, ಅಲ್ವಾ? ಎರಡು ವಾರ ಇದರಲ್ಲೇ ಒದ್ದಾಡಿದೆ. ಕೊನೆಗೆ ದಾರಿ ಹೊಳೆದದ್ದು ಒಂದು ಜಗಳದ ದೃಶ್ಯದಲ್ಲಿ. ಎದುರು ನಿಂತಾಗ ಲಿಂಡಾ ಅವನಿಗೆ 'ನೀವು' ಅನ್ನಲೇಬೇಕು, ಬೇರೆ ಗತಿ ಇಲ್ಲ. ಆದರೆ ಎಷ್ಟೋ ವರ್ಷ ಆದಮೇಲೆ, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಲ್ಲಿ, ರಾತ್ರಿ ಹೊತ್ತು ಗುಟ್ಟಾಗಿ ಪುಟ ತುಂಬಿಸುತ್ತಿರುವ ಹೆಂಗಸಿಗೆ ಆ ಹಂಗಿಲ್ಲ. ಹಾಗಾಗಿ ಮಾತಿನಲ್ಲಿ 'ನೀವು', ಕಥನದಲ್ಲಿ 'ಅವನು'. ಅವನು ಸಿಟ್ಟಿನಿಂದ ಮೇಲೆ ಜಿಗಿದ. 'ನೀವು ನನ್ನನ್ನು ಹೊಡೆದಿರಿ' ಅಂದಳು. ಈ ಎರಡು ಕ್ರಿಯಾಪದಗಳ ನಡುವೆ ಅವಳು ನಡೆದು ಬಂದ ದಾರಿಯೆಲ್ಲ ಇದೆ ಅನ್ನಿಸಿತು. ಇಂಗ್ಲಿಷಿನಲ್ಲಿ ಹತ್ತು ಸಲ ಓದಿದಾಗಲೂ ನನಗೆ ಅದು ಕಂಡಿರಲಿಲ್ಲ.

ಲೇಖಕಿಯ ಬಗ್ಗೆಯೂ ಇದೇ ಪ್ರಶ್ನೆ ಬಂತು. ಕಥೆಯೊಳಗಿನ ಹುಡುಗಿ ಲಿಂಡಾ ನನಗೆ 'ಅವಳು'. ಬರೆದ ಹ್ಯಾರಿಯೆಟ್ 'ಅವರು'.

'ಸ್ಲೇವ್' ಅನ್ನುವ ಪದ ಇನ್ನೊಂದು ಕಾಟ. 'ದಾಸಿ' ಅಂದರೆ ನಮ್ಮ ಕಿವಿಗೆ ಭಕ್ತಿಯ ದನಿ ಸೇರಿಕೊಳ್ಳುತ್ತದೆ. ದಾಸರೆಂದರೆ ನಾವು ಕೈಮುಗಿಯುವವರು. 'ಜೀತ' ಅಂದರೆ ಸಾಲದ ಲೆಕ್ಕ ಬರುತ್ತದೆ, ತೀರಿಸಿದರೆ ಬಿಡುಗಡೆ ಅನ್ನುವ ಆಸೆಯಾದರೂ ಇರುತ್ತದೆ. ಅಲ್ಲಿ ತಾಯಿ ಗುಲಾಮಳಾದರೆ ಹೊಟ್ಟೆಯಲ್ಲಿರುವ ಮಗುವೂ ಗುಲಾಮ, ಅದು ಕಾನೂನು. 'ಗುಲಾಮಳು' ಅಂತಲೇ ಉಳಿಸಿಕೊಂಡೆ. ಒಂದೇ ಒಂದು ಕಡೆ, ಡಾಕ್ಟರನ ಬಾಯಲ್ಲಿ, 'ತೊತ್ತು' ಹಾಕಿದೆ.

ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿದದ್ದು ಅಡಗಿ ಕೂತ ಜಾಗದ ಅಧ್ಯಾಯ. 1835ರಲ್ಲಿ ತಪ್ಪಿಸಿಕೊಂಡವರು ಅಜ್ಜಿಯ ಮನೆಯ ಸೂರಿನ ಕೆಳಗೆ ಹೆಚ್ಚುಕಡಿಮೆ ಏಳು ವರ್ಷ ಇದ್ದರು. ನಾನು ಸುಮ್ನೆ 'ಅಟ್ಟ' ಅಂತ ಬರೆದಿದ್ದೆ. ನಮ್ಮ ಅಜ್ಜಿ ಮನೆ ಅಟ್ಟದಲ್ಲಿ ನಾವು ಮಕ್ಕಳು ಆಟ ಆಡುತ್ತಿದ್ದೆವು. ಇದು ಅದಲ್ಲವಲ್ಲ! 9 ಅಡಿ ಉದ್ದ, 7 ಅಡಿ ಅಗಲ, ಅತಿ ಎತ್ತರದ ಕಡೆ 3 ಅಡಿ. ಒಂದು ಭಾನುವಾರ ಹಾಲ್‌ನಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಕಿಟಕಿ ಸರಳಿನಿಂದ 3 ಅಡಿ ಎತ್ತರಕ್ಕೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಇಳಿಜಾರಾಗಿ ನೆಲಕ್ಕೆ ತಂದೆ. ಒಳಗೆ ಮಲಗಿದೆ. ಒಂದು ಮಗ್ಗುಲಿಗೆ ಪರವಾಗಿಲ್ಲ. ಇನ್ನೊಂದು ಮಗ್ಗುಲಿಗೆ ತಿರುಗಿದರೆ ಭುಜ ದಾರಕ್ಕೆ ತಾಗುತ್ತದೆ. ಅವರು ಬರೆದದ್ದೂ ಅದನ್ನೇ: ಒಂದು ಮಗ್ಗುಲಲ್ಲಿ ಮಾತ್ರ ಮಲಗಬಹುದಿತ್ತು, ತಿರುಗಿದರೆ ಮಾಡು ಬಡಿಯುತ್ತಿತ್ತು. ಎದ್ದು ಹೋಗಿ 'ಅಟ್ಟ' ಹೊಡೆದುಹಾಕಿ 'ಸೂರಿನ ಸಂದಿ' ಅಂತ ಬರೆದೆ.

ಕತ್ತಲಲ್ಲಿ ತಡಕಾಡುವಾಗ ಲಿಂಡಾಗೆ ಒಂದು 'ಗಿಮ್ಲೆಟ್' ಸಿಗುತ್ತದೆ. ನಾನು 'ತೂತು ಕೊರೆಯುವ ಉಪಕರಣ' ಅಂತ ಬರೆದಿದ್ದೆ. ಬಾಗಿಲು ರಿಪೇರಿಗೆ ಬಂದ ಬಡಗಿಯ ಹತ್ತಿರ ಕೇಳಿದರೆ, 'ಬೈರಿಗೆ ಅನ್ನಿ ಮೇಡಂ, ಅಷ್ಟೇ' ಅಂದರು. ಆ ಬೈರಿಗೆಯಿಂದ ಅವಳು ಮೂರು ಸಾಲು ತೂತು ಕೊರೆದು, ನಡುವಿನದನ್ನೂ ಕೊರೆದು ತೆಗೆದು, ಒಂದು ಇಂಚಿನ ಕಿಂಡಿ ಮಾಡಿಕೊಳ್ಳುತ್ತಾಳೆ. ಅದರಿಂದ ಬೀದಿಯಲ್ಲಿ ಮೊದಲು ಕಂಡವನು ಆ ಡಾಕ್ಟರನೇ. ಆಮೇಲೆ ತನ್ನ ಮಕ್ಕಳು ಕಾಣುತ್ತಾರೆ. ಅಮ್ಮ ತಲೆಯ ಮೇಲೇ ಇದ್ದಾಳೆ ಅಂತ ಆ ಮಕ್ಕಳಿಗೆ ಗೊತ್ತಿಲ್ಲ. ಈ ಪುಟ ತಿದ್ದುವಾಗ ಎರಡು ಸಲ ಪೆನ್ನು ಕೆಳಗಿಟ್ಟೆ.

ಅಲ್ಲಿಂದಲೇ ಅವಳು ಡಾಕ್ಟರನಿಗೆ ಕಾಗದ ಬರೆದು ನ್ಯೂಯಾರ್ಕಿನಿಂದ ಅಂಚೆಗೆ ಹಾಕಿಸುತ್ತಾಳೆ. ಅವಳು ಉತ್ತರದಲ್ಲಿದ್ದಾಳೆ ಅಂತ ಅವನು ನಂಬುತ್ತಾನೆ. ಬರವಣಿಗೆಯಿಂದಲೇ ಇನ್ನೊಬ್ಬ ಲಿಂಡಾಳನ್ನು ಕಟ್ಟಿ ಉತ್ತರಕ್ಕೆ ಕಳಿಸಿದ ಹಾಗೆ. ನನ್ನ ಮಟ್ಟಿಗೆ ಹ್ಯಾರಿಯೆಟ್ ಲೇಖಕಿಯಾದದ್ದು ಅಲ್ಲೇ, ಆ ಸಂದಿಯಲ್ಲೇ. ತಾನು ಹೇಗೆ ಕಾಣಬೇಕು ಅನ್ನುವುದು ಮೊದಲ ಬಾರಿ ಅವರ ಕೈಲಿತ್ತು.

ಅನುವಾದ ತೋರಿಸಿದಾಗ ಒಬ್ಬ ಸಂಪಾದಕರು 'ಇದು ಆತ್ಮಕಥೆನಾ? ಕಾದಂಬರಿ ಥರ ಇದೆ' ಅಂದರು. ನನಗೆ ಸಿಟ್ಟೇ ಬಂತು. ಯಾಕೆಂದರೆ ಅಮೆರಿಕದಲ್ಲೂ ತುಂಬ ವರ್ಷ ಇದೇ ಮಾತು. ಮುಖಪುಟದಲ್ಲಿ ಲೇಖಕಿಯ ಹೆಸರಿರಲಿಲ್ಲ. ಸಂಪಾದಕಿಯಾಗಿ ಬಿಳಿಯ ಲೇಖಕಿ ಲಿಡಿಯಾ ಮಾರಿಯಾ ಚೈಲ್ಡ್ ಹೆಸರಿತ್ತು. ಚೈಲ್ಡ್ ಅವರೇ ಕಟ್ಟಿದ ಕಥೆ ಅಂತ ಎಷ್ಟೋ ಜನ ನಂಬಿದರು. ಹ್ಯಾರಿಯೆಟ್ ಗೆಳತಿ ಏಮಿ ಪೋಸ್ಟ್‌ಗೆ ಬರೆದ ಪತ್ರಗಳನ್ನು ಹುಡುಕಿ, ಹೋಲಿಸಿ, ಸಂಶೋಧಕಿ ಜೀನ್ ಫೇಗನ್ ಯೆಲಿನ್ 1980ರ ದಶಕದಲ್ಲಿ ಇದು ಹ್ಯಾರಿಯೆಟ್ ಅವರೇ ಬರೆದದ್ದು ಅಂತ ಸಾಬೀತು ಮಾಡಬೇಕಾಯಿತು. ಮುಖಪುಟದ ಮೇಲೆ 'ರಿಟನ್ ಬೈ ಹರ್‌ಸೆಲ್ಫ್' ಅಂತ ಮೊದಲ ದಿನದಿಂದಲೂ ಅಚ್ಚಾಗಿತ್ತು! ನಾನು ಮೊದಲು 'ತಾನೇ ಬರೆದದ್ದು' ಅಂತ ಹಾಕಿದ್ದೆ. 'ತಾನು' ಅಂದರೆ ಹೆಣ್ಣೋ ಗಂಡೋ ತಿಳಿಯದು. 'ಆಕೆಯೇ ಬರೆದದ್ದು' ಅಂತ ಬದಲಿಸಿದೆ.

ಕೊನೆಗೆ ಉಳಿದದ್ದು ಒಂದು ಸಾಲು. 1852ರಲ್ಲಿ ಕೆಲಸದ ಮನೆಯೊಡತಿ 300 ಡಾಲರ್ ಕೊಟ್ಟು ಹ್ಯಾರಿಯೆಟ್ ಅವರನ್ನು ಬಿಡಿಸಿದರು. ಆ ಉಪಕಾರಕ್ಕೆ ಕೃತಜ್ಞತೆ ಇದ್ದರೂ, ಗುಲಾಮಗಿರಿ ಇಲ್ಲದ ನ್ಯೂಯಾರ್ಕ್‌ನಂಥ ಊರಲ್ಲೂ ತನ್ನನ್ನು ಮಾರಲಾಯಿತಲ್ಲ ಅನ್ನುವ ನೋವು ಅವರನ್ನು ಬಿಡಲಿಲ್ಲ. 'ಐ ವಾಸ್ ಸೋಲ್ಡ್.' 'ನನ್ನನ್ನು ಮಾರಿದರು' ಅಂದರೆ ಕನ್ನಡಕ್ಕೆ ಸಲೀಸು. ಆದರೆ ಅಲ್ಲಿ ಮಾರಿದವರೇ ಕರ್ತೃ ಆಗಿಬಿಡುತ್ತಾರೆ. ಪುಸ್ತಕದುದ್ದಕ್ಕೂ 'ನಾನು' ಅಂತಲೇ ನಿಂತವರು ಆ ಸಾಲಲ್ಲಿ 'ನನ್ನನ್ನು' ಆಗುವುದು ನನಗೆ ಬೇಡವಾಗಿತ್ತು. ಕ್ಲಾಸಿನಲ್ಲಿ ಎರಡೂ ಓದಿ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಮಿಸ್, ನಾನು ಮಾರಾಟವಾದೆ ಅಂತ ಹಾಕಿ' ಅಂದಳು. ಹಾಗೇ ಹಾಕಿದ್ದೇನೆ.