ರಿವರ್ಸ್ ತೆಗೆಯುವಾಗ ಗುದ್ದಿದರೆ ತಪ್ಪು ಯಾರದು?

ಪಾರ್ಕಿಂಗ್‌ನಲ್ಲಿ ಗುದ್ದಿಕೊಂಡ ಕಾರುಗಳನ್ನು ನೋಡಿ ಇನ್ಶೂರೆನ್ಸ್‌ಗೆ ವರದಿ ಬರೆಯುವುದು ನನ್ನ ಕೆಲಸ. ಹೋದಲ್ಲೆಲ್ಲ ಕೇಳುವ ಪ್ರಶ್ನೆ ಒಂದೇ: "ರಿವರ್ಸ್‌ನಲ್ಲಿ ಇದ್ದಿದ್ದು ನಾನು. ಅಂದ್ರೆ ತಪ್ಪೂ ನಂದೇ ಅಲ್ವಾ?"

ಹೆಚ್ಚಿನ ಸಲ ಹೌದು. ಹಿಂದಕ್ಕೆ ಹೋಗುವವರಿಗೆ ಕಾಣುವುದು ಕಡಿಮೆ, ಅದಕ್ಕೇ ಕಾನೂನು ಅವರ ಮೇಲೆ ಎಚ್ಚರದ ಹೊಣೆ ಜಾಸ್ತಿ ಹೊರಿಸುತ್ತದೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್, ಬೇಕಾದ್ದಕ್ಕಿಂತ ಒಂದಿಷ್ಟೂ ಹೆಚ್ಚು ದೂರ ರಿವರ್ಸ್ ಹೋಗಬಾರದು ಅನ್ನುತ್ತದೆ. ನಿಲ್ಲಿಸಿಟ್ಟ ಗಾಡಿಗೆ ಗುದ್ದಿದರೆ ವಾದಕ್ಕೆ ಜಾಗವೇ ಇಲ್ಲ. ಸಾಲಿನಿಂದ ಹೊರಗೆ ಬರುತ್ತಾ ದಾರಿಯಲ್ಲಿ ಹೋಗುತ್ತಿದ್ದ ಕಾರಿಗೆ ತಗುಲಿಸಿದರೂ ಹೊಣೆಯ ದೊಡ್ಡ ಪಾಲು ನಿಮ್ಮದೇ. ಆ ಕಾರು ಜೋರಾಗಿ ಬಂದಿದ್ದರೆ ಅಥವಾ ಬಾಣದ ಗುರುತಿಗೆ ಎದುರಾಗಿ ಬಂದಿದ್ದರೆ ಅವರಿಗೂ ಪಾಲು ಬರುತ್ತದೆ. ಇಬ್ಬರೂ ಒಟ್ಟಿಗೆ ಹಿಂದಕ್ಕೆ ಬಂದು ತಾಗಿಸಿಕೊಂಡರೆ ಸಾಮಾನ್ಯವಾಗಿ ತಪ್ಪನ್ನು ಇಬ್ಬರಿಗೂ ಹಂಚುತ್ತಾರೆ.

ಜನ ಸೋಲುವುದು ಇಲ್ಲೇ. ಇಬ್ಬರಲ್ಲಿ ಒಬ್ಬರು ಗುದ್ದುವ ಮೊದಲೇ ನಿಂತಿರುತ್ತಾರೆ, ಆದರೆ ಅದನ್ನು ತೋರಿಸಲು ಏನೂ ಇರುವುದಿಲ್ಲ. 2015ರಲ್ಲಿ ಜರ್ಮನಿಯ ಉನ್ನತ ನ್ಯಾಯಾಲಯ ಇಂಥದ್ದೇ ಒಂದು ಪಾರ್ಕಿಂಗ್ ಪ್ರಕರಣದಲ್ಲಿ ಒಂದು ಮಾತು ಹೇಳಿತು. ಡಿಕ್ಕಿಯ ಹೊತ್ತಿಗೆ ಗಾಡಿ ಆಗಲೇ ನಿಂತಿರುವ ಸಾಧ್ಯತೆ ಇದ್ದರೆ, ರಿವರ್ಸ್ ತೆಗೆದ ಮಾತ್ರಕ್ಕೆ ತಪ್ಪು ಅವರದೇ ಎಂದು ಊಹಿಸಿಬಿಡುವಂತಿಲ್ಲ. ನಿಂತಿದ್ದಿರಾ, ಚಲಿಸುತ್ತಿದ್ದಿರಾ ಅನ್ನುವುದೇ ಅಷ್ಟು ಮುಖ್ಯ.

ಒಬ್ಬ ಹೆಣ್ಣುಮಗಳ ಕೇಸು ನನಗೆ ಈಗಲೂ ನೆನಪಿದೆ. ಬಂಪರ್‌ನ ಎಡ ಮೂಲೆ ಒಳಕ್ಕೆ ಹೋಗಿತ್ತು. ನೆಗ್ಗು ನೋಡಿ ಯಾರು ಚಲಿಸುತ್ತಿದ್ದರು ಅಂತ ಹೇಳುವಂತಿರಲಿಲ್ಲ. ಅವರ ಡ್ಯಾಶ್‌ಕ್ಯಾಮ್ ಮುಂದಕ್ಕೆ ಮಾತ್ರ ನೋಡುತ್ತಿತ್ತು. "ಇದರಲ್ಲಿ ಏನೂ ಇಲ್ಲ ಸರ್, ಸುಮ್ನೆ ಒಂದು ಕಂಬ ಕಾಣುತ್ತೆ" ಅಂದರು. ನಾನು ಆ ಕಂಬವನ್ನೇ ನೋಡಿದೆ. ಮೊದಲು ಮೆಲ್ಲಗೆ ದೂರ ಸರಿಯಿತು. ಆಮೇಲೆ ನಾಲ್ಕು ಸೆಕೆಂಡು ಅಲುಗಾಡದೆ ನಿಂತಿತು. ಆಮೇಲೆ ಒಮ್ಮೆಲೇ ಕುಲುಕಿತು. ಅವರ ಕಾರು ನಿಂತಿತ್ತು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾಗಲಿಲ್ಲ.

ಹಾಗಾಗಿ ಗುದ್ದಿದ ತಕ್ಷಣ ಯಾರಿಗಾದರೂ ಪೆಟ್ಟಾಗಿದೆಯಾ ನೋಡಿ. ಆಗಿದ್ದರೆ ಮೊದಲು ಆಂಬುಲೆನ್ಸ್, ಪೊಲೀಸ್; ಉಳಿದದ್ದೆಲ್ಲ ಆಮೇಲೆ. ಯಾರಿಗೂ ಏನೂ ಆಗಿಲ್ಲ ಅಂದರೆ ಗಾಡಿ ಸರಿಸುವ ಮೊದಲು ಫೋಟೋ ತೆಗೆಯಿರಿ. ಎಲ್ಲರೂ ಬರೀ ಗೀರಿನ ಫೋಟೋ ತೆಗೆಯುತ್ತಾರೆ. ನನಗೆ ಬೇಕಾದದ್ದು ದೂರದಿಂದ ತೆಗೆದದ್ದು: ಎರಡೂ ಕಾರು, ನೆಲದ ಗೆರೆ, ಬಾಣ, ಚಕ್ರ ತಿರುಗಿರುವ ದಿಕ್ಕು. ಹತ್ತಿರದ್ದು ಆಮೇಲೆ. ನಂಬರ್ ಪ್ಲೇಟ್, ಎದುರಿನವರ ಇನ್ಶೂರೆನ್ಸ್ ವಿವರ, ನೋಡಿದವರ ಫೋನ್ ನಂಬರ್ ಬರೆದುಕೊಳ್ಳಿ. ಗಾಬರಿಯಲ್ಲಿ "ತಪ್ಪು ನಂದೇ" ಅನ್ನಬೇಡಿ. ಏನು ನಡೆಯಿತೋ ಅಷ್ಟೇ ಹೇಳಿ. ಅಲ್ಲೇ ದುಡ್ಡು ಕೊಟ್ಟು ಮುಗಿಸುವ ಮಾತಿಗೂ ಹೋಗಬೇಡಿ. ಸಣ್ಣದಾದರೂ ನಿಮ್ಮ ಇನ್ಶೂರೆನ್ಸ್‌ಗೆ ಬೇಗ ತಿಳಿಸಿ.

"ಇದು ಖಾಸಗಿ ಜಾಗ, ಇಲ್ಲಿ ರೂಲ್ಸ್ ನಡೆಯಲ್ಲ" ಅಂತ ಯಾರಾದರೂ ಅಂದರೆ ನಂಬಬೇಡಿ. ರಸ್ತೆಯ ನಿಯಮ ಅಲ್ಲಿ ಎಷ್ಟು ಅನ್ವಯಿಸುತ್ತದೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ ಇರಬಹುದು. ಆದರೆ ಅಜಾಗರೂಕತೆಯಿಂದ ಮಾಡಿದ ನಷ್ಟಕ್ಕೆ ಹೊಣೆ ಅಲ್ಲೂ ತಪ್ಪುವುದಿಲ್ಲ.

ಸಿಸಿಟಿವಿ ಇದ್ದರೆ ಅವತ್ತೇ ಕೇಳಿ, ಬರವಣಿಗೆಯಲ್ಲಿ ಕೇಳಿ, ಹೊತ್ತು ನಮೂದಿಸಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ಎರಡು ವಾರ ಬಿಟ್ಟು ಕೇಳಿ ಬರಿಗೈಲಿ ಬಂದವರನ್ನು ನಾನು ತುಂಬಾ ನೋಡಿದ್ದೇನೆ.