ಬೆವರು ನೋಡಬೇಡಿ, ನೆರಳು ನೋಡಿ

ಬಿಸಿಲಿನ ಬಗ್ಗೆ ಕಲಬುರಗಿಯವರಿಗೆ ಬುದ್ಧಿ ಹೇಳಲು ಹೊರಟವರೇ ದಡ್ಡರು. ಮಜ್ಜಿಗೆ, ಉಳ್ಳಾಗಡ್ಡಿ, ತಲೆಗೊಂದು ಟವೆಲ್, ಎಲ್ಲವೂ ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಅದೆಲ್ಲ ಝಳಕ್ಕೆ ಮಾಡಿಕೊಂಡ ವ್ಯವಸ್ಥೆ. ಚರ್ಮ ಕೆಡಿಸುವ ನೇರಳಾತೀತ ಕಿರಣ ಕಣ್ಣಿಗೆ ಕಾಣದು, ಮೈಗೆ ಬಿಸಿಯೂ ತಾಕದು. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ ಮಾಡುವಾಗ ಬಿಸಿಲು ಹಿತವಾಗಿಯೇ ಇರುತ್ತದೆ. ಕಿರಣ ಮಾತ್ರ ತನ್ನ ಕೆಲಸ ಬಿಟ್ಟಿರುವುದಿಲ್ಲ. ತೆಳು ಮೋಡ ಕವಿದ ದಿನವೂ ಅಷ್ಟೇ.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ

ಬಯಲಲ್ಲಿ ನೆಟ್ಟಗೆ ನಿಲ್ಲಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದೇ ಲೆಕ್ಕ. ಬೇಸಿಗೆಯಲ್ಲಿ ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಸುಮಾರು 12.20ಕ್ಕೆ. ಮೇ ಮೊದಲ ಎರಡು ವಾರಗಳಲ್ಲಿ ಯಾದಗಿರಿ, ಕಲಬುರಗಿ, ಬೀದರ್‌ನಲ್ಲಿ ಒಂದಾದ ಮೇಲೊಂದರಂತೆ ನೆಟ್ಟ ಕೋಲಿಗೆ ನೆರಳೇ ಬೀಳದ ಮಧ್ಯಾಹ್ನ ಬರುತ್ತದೆ. ಏಪ್ರಿಲ್–ಮೇಯಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವಲ್ಲ, ಸೆಖೆ ಏರುವ ಮೊದಲೇ ನೌಕರರು ಮನೆ ಸೇರಲಿ ಎಂಬ ಉದ್ದೇಶ ಸರಿ. ಕಿರಣದ ಲೆಕ್ಕದಲ್ಲಿ ಮಾತ್ರ ಅವರು ಗಾಡಿ ಹತ್ತುವುದು ಕೆಟ್ಟ ಗಳಿಗೆಯಲ್ಲೇ.

ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ

ಅಂಗಿಯನ್ನು ಕಿಟಕಿಗೆ ಅಡ್ಡ ಹಿಡಿದು ಹಿಂದೆ ಬೆರಳಾಡಿಸಿ. ಬೆರಳು ಸ್ಪಷ್ಟವಾಗಿ ಕಂಡರೆ ಕಿರಣಕ್ಕೂ ಅಲ್ಲಿ ದಾರಿಯಿದೆ. ತೊಳೆದು ತೊಳೆದು ಸವೆದ ಬಿಳಿ ಮಲ್‌ಮಲ್ ತಂಪು ಕೊಡುತ್ತದೆ, ರಕ್ಷಣೆ ಕಡಿಮೆ. ಬೆವರಿಗೆ ಒದ್ದೆಯಾದರಂತೂ ಇನ್ನೂ ಕಡಿಮೆ. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲವಾದ ತುಂಬುತೋಳಿನ ಹತ್ತಿ ಬಟ್ಟೆ ವಾಸಿ. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಡುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ತಲೆಗೆ ಸುತ್ತಿದ ಟವೆಲ್ಲಿನ ಒಂದು ಚುಂಗು ಕಿವಿ, ಹಿಂಗತ್ತಿನ ಮೇಲೆ ಬೀಳಲಿ. ಶಹಾಬಾದಿನ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುವವರಿಗೆ ಕಿರಣ ಕೆಳಗಿನಿಂದಲೂ ಚಿಮ್ಮುತ್ತದೆ. ಗಲ್ಲ, ಕೆಳತುಟಿಯನ್ನೂ ಮುಚ್ಚಿಕೊಳ್ಳಬೇಕು.

ಉಳಿದದ್ದಕ್ಕೆ ಸನ್‌ಸ್ಕ್ರೀನ್

ಮುಖ, ಮುಂಗೈಯಂಥ ಮುಚ್ಚಲಾಗದ ಜಾಗಕ್ಕೆ ಇದು. ಡಬ್ಬಿಯ ಮೇಲೆ ಎಸ್‌ಪಿಎಫ್ (ಚರ್ಮ ಸುಡುವ ಯುವಿ–ಬಿ ಕಿರಣದ ತಡೆಯ ಅಳತೆ) 30 ಅಥವಾ ಹೆಚ್ಚು, ಜೊತೆಗೆ ಪಿಎ+++ (ಒಳಕ್ಕಿಳಿಯುವ ಯುವಿ–ಎ ಕಿರಣದ ತಡೆಯ ಗುರುತು) ಎಂದಿರಲಿ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಕ್ರೀಮು ಮುಖ–ಕುತ್ತಿಗೆಗೆ ಬೇಕು. ಕಡಲೆಕಾಳಿನಷ್ಟು ಸವರಿಕೊಂಡರೆ ದುಡ್ಡು ದಂಡ. ಹೊರಡುವ 15–20 ನಿಮಿಷ ಮೊದಲೇ ಹಚ್ಚಿ, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ. ಆರು ತಿಂಗಳೊಳಗಿನ ಕೂಸಿಗೆ ಕ್ರೀಮು ಬೇಡ, ನೆರಳೇ ಸಾಕು.

“ಕರಿ ಮೈಗಿ ಬಿಸಲ ಏನ್ ಮಾಡ್ತದ ಬಿಡ್ರಿ” ಎಂಬ ಮಾತು ಅರ್ಧ ನಿಜ. ನಮ್ಮ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ದೊಡ್ಡ ಕಾವಲು; ಹಾಗಾಗಿಯೇ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ. ಬಂಗು, ಸುಕ್ಕು ಮಾತ್ರ ಯಾರನ್ನೂ ಬಿಡವು. ಹುಟ್ಟಿನಿಂದಲೇ ಮೈಗೆ ಬಣ್ಣವಿಲ್ಲದವರಿಗೆ ಈ ಕಾವಲೇ ಇಲ್ಲ. ಮೇಲೆ ಹೇಳಿದ್ದನ್ನೆಲ್ಲ ಅವರು ಒಂದು ದಿನವೂ ತಪ್ಪಿಸುವಂತಿಲ್ಲ.

ತಿಂಗಳಿಗೊಮ್ಮೆ ಅಂಗಾಲು ನೋಡಿಕೊಳ್ಳಿ

ಇಲ್ಲಿ ಬಿಸಿಲಿನ ಮಾತು ಮುಗಿಯುತ್ತದೆ. ಕಪ್ಪು ಚರ್ಮದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಏಳುವುದು ಬಿಸಿಲೇ ಬೀಳದ ಅಂಗಾಲು, ಅಂಗೈ, ಉಗುರಿನಡಿ. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಲ್ಲಿ ಶುರುವಾದ ಮೆಲನೋಮದಿಂದ. ಸ್ನಾನವಾದ ಮೇಲೆ ಕನ್ನಡಿ ನೆಲಕ್ಕಿಟ್ಟು ಅಂಗಾಲು ನೋಡಿ, ಬೆರಳುಗಳ ಸಂದಿ ಬಿಡಿಸಿ ನೋಡಿ. ಅಂಚು ಹರಿದಂತಿರುವ, ಎರಡು–ಮೂರು ಬಣ್ಣ ಬೆರೆತ, 6 ಮಿ.ಮೀ.ಗಿಂತ ಅಗಲವಾದ ಅಥವಾ ಬದಲಾಗುತ್ತಿರುವ ಕಪ್ಪು ಮಚ್ಚೆ. ಒಂದೇ ಉಗುರಿನಲ್ಲಿ ಅಗಲವಾಗುತ್ತಿರುವ ಕರಿಗೆರೆ. ಮೂಗಿನ ಬದಿ, ರೆಪ್ಪೆಯ ಮೇಲೆ ಮಿರುಗುವ ಗಂಟು. ತಿಂಗಳಾದರೂ ಮಾಯದ ಹುಣ್ಣು, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಿ. ಹಳೆಯ ಸುಟ್ಟ ಗಾಯದ ಕಲೆ ಒಡೆದು ಹುಣ್ಣಾದರೆ ಇನ್ನೂ ಬೇಗ ತೋರಿಸಬೇಕು.

ಯಾದಗಿರಿ ಜಿಲ್ಲೆಯವರಿಗೆ ಇನ್ನೊಂದು ಮಾತು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನಲ್ಲಿದ್ದ ಆರ್ಸೆನಿಕ್ ಎಂಬ ವಿಷದಿಂದ ಜನರ ಚರ್ಮ ಕೆಟ್ಟು, ಕ್ಯಾನ್ಸರ್ ಕೂಡ ಕಂಡದ್ದು ದಾಖಲಾಗಿದೆ. ಅಂಗೈ–ಅಂಗಾಲಲ್ಲಿ ಗಟ್ಟಿ ಗಂಟು, ಎದೆ–ಬೆನ್ನಿನ ಮೇಲೆ ಮಳೆಹನಿ ಸಿಡಿದಂಥ ಚುಕ್ಕೆ ಒಂದೇ ಊರಿನ ಹಲವರಲ್ಲಿ ಕಂಡರೆ ನೀರನ್ನೇ ಪರೀಕ್ಷೆಗೆ ಕಳಿಸಬೇಕು. ಅಲ್ಲಿ ಯಾವ ಕ್ರೀಮೂ ಉಪಯೋಗಕ್ಕೆ ಬಾರದು, ಕುದಿಸಿದರೂ ಆರ್ಸೆನಿಕ್ ಹೋಗದು.

ಮಚ್ಚೆಗೆ ಸುಣ್ಣ–ಸೋಡಾ ಹಚ್ಚಿ ಸುಡುವುದು, ಕುದುರೆ ಕೂದಲು ಕಟ್ಟಿ ಉದುರಿಸುವುದು ಬೇಡ. ಪರೀಕ್ಷೆಗೆ ಬೇಕಾದದ್ದೇ ಹಾಳಾಗುತ್ತದೆ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಅನುಮಾನ ಬಂದರೆ ಆ ಜಾಗ ಮರಗಟ್ಟಿಸಿ ಸಣ್ಣ ತುಣುಕು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಎಂದು ಬಂದರೂ ಬೆಂಗಳೂರಿಗೇ ಓಡಬೇಕೆಂದಿಲ್ಲ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಕಲಬುರಗಿಯಲ್ಲೇ ಇದೆ. ಬಯಾಪ್ಸಿ ವರದಿಯ ಒಂದು ಪ್ರತಿ ತಪ್ಪದೆ ಕೇಳಿ ಇಟ್ಟುಕೊಳ್ಳಿ.