ಸೋಫಾ ಬೆನ್ನಿಗೊಂದು ಮೇಜು

ನಮ್ಮ ಮನೆಯ ಸೋಫಾ ಗೋಡೆಗೆ ಒರಗಿಲ್ಲ. ಹಾಲ್ 18 ಅಡಿ ಉದ್ದ, ಟಿವಿ ಒಂದು ತುದಿ, ಬಾಗಿಲು ಇನ್ನೊಂದು ತುದಿ. ಗೋಡೆಗೆ ಒತ್ತಿಟ್ಟರೆ ಟಿವಿಯಲ್ಲಿ ಬರುವ ಅಕ್ಷರ ಯಾರಿಗೂ ಕಾಣಲ್ಲ, ಹಾಗಾಗಿ ಸೋಫಾ ನಡುವಿಗೆ ಬಂದು ಬಾಗಿಲಿಗೆ ಬೆನ್ನು ಹಾಕಿ ಕೂತಿತು. ಬಾಗಿಲು ತೆಗೆದ ಕೂಡಲೇ ಬಂದವರ ಕಣ್ಣಿಗೆ ಬೀಳೋದು ಅದರ ಬೆನ್ನೇ. ಮುಂದೆ ಹಾಕಿದ ಒಳ್ಳೆ ಬಟ್ಟೆಯನ್ನು ಹಿಂದೆ ಹಾಕಿರುವುದಿಲ್ಲ ಅಂತ ಆಗಲೇ ಗೊತ್ತಾಗಿದ್ದು. ತೆಳ್ಳಗಿನ ಕಪ್ಪು ಬಟ್ಟೆ, ಸಾಲಾಗಿ ಸ್ಟೇಪ್ಲರ್ ಪಿನ್ನು. ಎರಡು ವರ್ಷ ಹಾಗೇ ಇತ್ತು. ಅದರ ಮೇಲೆ ಮಗಳ ಸ್ವೆಟರ್, ನಮ್ಮ ಯಜಮಾನರ ಟವೆಲ್, ಒಣಗದ ಜರ್ಕಿನ್ ಎಲ್ಲ ನೇತಾಡುತ್ತಿದ್ದವು. ಚಿಕ್ಕಮಗಳೂರಿನ ಮಳೆಗಾಲ ಗೊತ್ತಲ್ಲ, ಮನೆಯೊಳಗೆ ಬಟ್ಟೆ ಹರವೋಕೆ ಒಂದು ಗೂಟವೂ ಖಾಲಿ ಇರಲ್ಲ.

ಆ ಬೆನ್ನು ಮುಚ್ಚೋಕೆ ಸೋಫಾ ಹಿಂದೆ ಉದ್ದಕ್ಕೆ ಒಂದು ಸಣ್ಣ ಅಗಲದ ಮೇಜು ಇಡೋಣ ಅಂದುಕೊಂಡೆ. ಅದಕ್ಕೆ ಕನ್ಸೋಲ್ ಟೇಬಲ್ ಅಂತಾರೆ, ಅಂಗಡಿಯಲ್ಲಿ ಕೇಳಿದರೆ ತೋರಿಸಿದ್ದೆಲ್ಲ 16 ಇಂಚು ಅಗಲದವು. ನನಗೆ ಅಷ್ಟು ಜಾಗ ಇಲ್ಲ. ಬಾಗಿಲಿಂದ ಅಡುಗೆಮನೆಗೆ ಹೋಗುವ ದಾರಿ ಅದೇ, ಸೋಫಾ ಹಿಂದೆ ಇರೋದು ನಾಲ್ಕೂಕಾಲು ಅಡಿ. ಗ್ಯಾಸ್ ಸಿಲಿಂಡರ್ ಹೊತ್ತು ಒಬ್ಬ ಮನುಷ್ಯ ಆರಾಮಾಗಿ ಹೋಗಬೇಕು ಅಂದರೆ ಮೂರು ಅಡಿ ಬಿಡಲೇಬೇಕು. ಅದಕ್ಕೆ 12 ಇಂಚಿಗೆ ನಿಲ್ಲಿಸಿದೆ. ಮರ ಕೊಂಡುಕೊಳ್ಳುವ ಗೋಜೇ ಇರಲಿಲ್ಲ. ಆಲ್ದೂರು ಹತ್ತಿರ ನನ್ನ ತವರು. ಅಲ್ಲಿ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಸಿಲ್ವರ್ ಹಲಗೆ ಎರಡು ವರ್ಷದಿಂದ ಬಿದ್ದಿತ್ತು. ಸಿಲ್ವರ್ ಮರ ಅಂದರೆ ನಮ್ಮ ಕಡೆ ನೆರಳಿಗೆ ನೆಟ್ಟು, ಮೆಣಸಿನ ಬಳ್ಳಿ ಹಬ್ಬಿಸೋ ಮರ. ಆಸ್ಟ್ರೇಲಿಯಾದಿಂದ ಬಂದಿದ್ದು, ಈಗ ನಮ್ಮೂರಿನದೇ ಅನ್ನೋ ಹಾಗೆ ಆಗಿಬಿಟ್ಟಿದೆ. ಪ್ಲೈವುಡ್ಡಿಗೆ, ಪೆಟ್ಟಿಗೆ ಮಾಡೋಕೆ ಹೋಗುತ್ತೆ, ಮನೆಯ ಪೀಠೋಪಕರಣಕ್ಕೆ ಯಾರೂ ಅಷ್ಟು ಮರ್ಯಾದೆ ಕೊಡಲ್ಲ. ಆದರೆ ಸರಿಯಾಗಿ ಕೊಯ್ದರೆ ಹಲಗೆ ಮೇಲೆ ಮೀನಿನ ಹುರುಪೆ ಥರ ಮಿನುಗೋ ಚುಕ್ಕೆ ಕಾಣುತ್ತವೆ, ಅದು ತೇಗದಲ್ಲೂ ಸಿಗಲ್ಲ.

ಮರಗೆಲಸದ ಆಚಾರ್ರು ಬಂದು ಅಳತೆ ತಗೊಂಡರು. "ಸೋಫಾ ಹಿಂದೆ ಟೇಬಲ್ ಇಟ್ಟು ಯಾರಕ್ಕ ಊಟ ಮಾಡ್ತಾರೆ?" ಅಂದರು. ಊಟಕ್ಕಲ್ಲ ಆಚಾರ್ರೇ, ಚಂದಕ್ಕೆ ಅಂದೆ. ಒಂದು ಸಲ ಸೋಫಾ ನೋಡಿದರು, ಒಂದು ಸಲ ನನ್ನನ್ನು ನೋಡಿದರು, ಸರಿ ಬಿಡಿ ಅಂದರು. ಸೋಫಾ ಬೆನ್ನು ನೆಲದಿಂದ 33 ಇಂಚು, ಮೇಜು 32 ಮಾಡಿಸಿದೆ. ಒಂದಿಂಚು ತಗ್ಗಿರಬೇಕು, ಮೇಲಕ್ಕೆ ಬಂದರೆ ಹಿಂದಕ್ಕೆ ಒರಗಿದವರ ತಲೆಗೆ ಅಂಚು ಬಡಿಯುತ್ತೆ. ಉದ್ದ 5 ಅಡಿ, ಸೋಫಾ ಆರೂವರೆ ಅಡಿ. ಎರಡೂ ಕಡೆ ಒಂಬತ್ತು ಇಂಚು ಒಳಗೇ ನಿಂತಿದೆ. ಸೋಫಾದಷ್ಟೇ ಉದ್ದ ಮಾಡಿಸಿದ್ದರೆ ಪಂಚಾಯ್ತಿ ಆಫೀಸಿನ ಕೌಂಟರ್ ಆಗುತ್ತಿತ್ತು.

ಇಲ್ಲಿ ನನ್ನದೊಂದು ತಪ್ಪಾಯಿತು. "ಕೆಳಗಡೆಗೂ ಪಾಲಿಶ್ ಹೊಡೀಬೇಕಕ್ಕ" ಅಂತ ಆಚಾರ್ರು ಹೇಳಿದ್ದರು. ಹಲಗೆಯ ಅಡಿ ಯಾರು ನೋಡ್ತಾರೆ, ಸುಮ್ನೆ ಖರ್ಚು ಅಂತ ನಾನೇ ಬೇಡ ಅಂದೆ. ಪುಷ್ಯ ಮಳೆ ಹಿಡಿದ ವಾರ, ಬೆಳಿಗ್ಗೆ ಕಾಫಿ ಲೋಟ ಇಟ್ಟರೆ ತಳ ಕೂರಲೇ ಇಲ್ಲ, ಕುಣಿಯುತ್ತಿತ್ತು. ಸ್ಕೇಲ್ ಅಡ್ಡ ಇಟ್ಟು ನೋಡಿದರೆ ಹಲಗೆ ದೋಸೆ ಕಾವಲಿ ಥರ ನಡುವೆ ತಗ್ಗಾಗಿದೆ. ಮೇಲೆ ಪಾಲಿಶ್ ಇದೆ, ಅಡಿ ಬೆತ್ತಲೆ. ತೇವವನ್ನೆಲ್ಲ ಅಡಿಯೇ ಕುಡಿದು ಉಬ್ಬಿ, ಅಂಚು ಎರಡೂ ಮೇಲೆದ್ದಿವೆ. ಮಳೆ ನಿಂತು ಬಿಸಿಲು ಬಂದ ಮೇಲೆ ಮುಕ್ಕಾಲು ಭಾಗ ಸರಿಹೋಯಿತು, ಆಗ ಅಡಿಗೂ ಎರಡು ಕೋಟ್ ಹೊಡೆಸಿದೆ. ಆಚಾರ್ರು ಬ್ರಷ್ ಅದ್ದುತ್ತಾ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಆಯಿತು ನನಗೆ.

ಇನ್ನು ಮೇಲೆ ಏನಿಡೋದು. ಫೋಟೋಗಳಲ್ಲಿ ನೋಡಿದ ಹಾಗೆ ಮೊದಲು ನಡುವಿಗೆ ಎತ್ತರದ ಹೂದಾನಿ ಇಟ್ಟು, ಅಮ್ಮನ ಮನೆಯಿಂದ ತಂದ ಆಂಥೂರಿಯಂ ಹೂ ಹಾಕಿದೆ. ಕೆಂಪಗೆ ಐದು ಹೂ. ನೀರು ಬದಲಾಯಿಸುತ್ತಿದ್ದರೆ ಹದಿನೈದು ದಿನ ಬಾಡಲ್ಲ, ಮಲೆನಾಡಿನ ಹೆಂಗಸರು ಅದನ್ನು ಸುಮ್ನೆ ಬೆಳೆಸಲ್ಲ. ಸೋಫಾ ಖಾಲಿ ಇದ್ದಾಗ ತುಂಬಾ ಚೆನ್ನಾಗಿ ಕಂಡಿತು. ಸಂಜೆ ನಮ್ಮ ಚಿಕ್ಕಮಾವ ಬಂದು ನಡುವಿನ ಸೀಟಿನಲ್ಲಿ ಕೂತರು. ಎದುರಿನ ದಿವಾನ್ ಮೇಲೆ ಕೂತಿದ್ದ ಅತ್ತೆ ನಗೋಕೆ ಶುರು ಮಾಡಿದರು. ಯಾಕೆ ಅಂತ ನಾನೂ ಹೋಗಿ ಅವರ ಪಕ್ಕ ಕೂತು ನೋಡಿದರೆ, ಆಂಥೂರಿಯಂ ನೆಟ್ಟಗೆ ಚಿಕ್ಕಮಾವನ ತಲೆಯಿಂದ ಹುಟ್ಟಿದೆ. ಸುಗ್ಗಿ ಕುಣಿತಕ್ಕೆ ಹೊರಟವರ ಹಾಗಿದ್ದರು ಪಾಪ.

ಮೇಜನ್ನು ಸಿಂಗರಿಸೋದು ಅಂದರೆ ಮೇಜನ್ನಷ್ಟೇ ನೋಡಿದರೆ ಆಗಲ್ಲ, ಅದರ ಮುಂದೆ ಮೂರು ತಲೆ ಬರುತ್ತವೆ ಅನ್ನೋದು ಅವತ್ತು ಅರ್ಥವಾಯಿತು. ಮಾರನೇ ಭಾನುವಾರ ಮನೆಯವರನ್ನು, ಮಗಳನ್ನು, ಅತ್ತೆಯನ್ನು ಸಾಲಾಗಿ ಸೋಫಾ ಮೇಲೆ ಕೂರಿಸಿ, ಹಿಂದೆ ನಿಂತು, ಒಬ್ಬೊಬ್ಬರ ತಲೆ ಎಲ್ಲಿ ಬರುತ್ತೋ ಅಲ್ಲಿಗೆ ನೇರವಾಗಿ ಮೇಜಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮೂರು ಗೆರೆ, ನಡುವೆ ಎರಡು ಖಾಲಿ ಜಾಗ. ಎತ್ತರದ್ದೆಲ್ಲ ಆ ಖಾಲಿ ಜಾಗದಲ್ಲಿ, ಗೆರೆ ಇರುವಲ್ಲಿ ಗಿಡ್ಡದ್ದು. ಅಷ್ಟೇ ಲೆಕ್ಕ. ಎಡಗಡೆ ಸಂದಿಗೆ ದೀಪ ಬಂತು, ಬಲಗಡೆ ಸಂದಿಗೆ ಹೂದಾನಿ. ಎರಡರ ಎತ್ತರವೂ ಒಂದೇ ಇರಬಾರದು, ಇದ್ದರೆ ದೇವರ ಮುಂದಿನ ಜೋಡಿ ದೀಪದ ಥರ ಕಾಣುತ್ತೆ. ನನ್ನ ದೀಪ 25 ಇಂಚು, ಹೂದಾನಿ ಹೂ ಸಮೇತ 18.

ಚಿಕ್ಕಮಾವನಿಂದ ಇನ್ನೊಂದು ಪಾಠವೂ ಆಯಿತು. ಅವರು ಕೂರಲ್ಲ, ಬೀಳ್ತಾರೆ. ಆ ಭಾರಕ್ಕೆ ಸೋಫಾ ಒಂದಿಂಚು ಹಿಂದೆ ಜರುಗಿ ಮೇಜಿಗೆ ಗುದ್ದಿ, ಹೂದಾನಿ ಮಗುಚಿ, ನೀರೆಲ್ಲ ಅವರ ಕಾಲರಿನೊಳಗೆ. ಈಗ ಸೋಫಾಕ್ಕೂ ಮೇಜಿಗೂ ನಡುವೆ ಎರಡು ಇಂಚು ಬಿಟ್ಟಿದ್ದೇನೆ, ಸೋಫಾದ ಹಿಂದಿನ ಕಾಲುಗಳಿಗೆ ರಬ್ಬರ್ ಬುಷ್ ಹಾಕಿದೆ, ಹೂದಾನಿಯ ತಳಕ್ಕೆ ಹೊಳೆಯ ನುಣುಪು ಕಲ್ಲು ತುಂಬಿದೆ.

ದೀಪದ ವೈರ್ ವಿಷಯ ಬೇರೆಯೇ ಕಥೆ. ನಡು ಹಾಲಿನಲ್ಲಿ ಪ್ಲಗ್ ಎಲ್ಲಿಂದ ಬರಬೇಕು? ಗೋಡೆಯಿಂದ ಎಕ್ಸ್‌ಟೆನ್ಷನ್ ಎಳೆದು ಕಾಲೊರಸು ಕೆಳಗೆ ಬಚ್ಚಿಟ್ಟೆ. ಎರಡನೇ ದಿನವೇ ಅತ್ತೆ ಎಡವಿದರು, ಸದ್ಯ ಮೇಜು ಹಿಡಿದುಕೊಂಡರು. ಓಡಾಡುವ ಜಾಗದಲ್ಲಿ ಮ್ಯಾಟಿನ ಅಡಿ ವೈರ್ ಬಿಡೋದು ಹೇಗಿದ್ದರೂ ತಪ್ಪು. ತುಳಿದು ತುಳಿದು ಒಳಗೆ ತಂತಿ ಕಿತ್ತು ಬಿಸಿಯಾಗುತ್ತೆ, ಮೇಲಿನಿಂದ ಗೊತ್ತೇ ಆಗಲ್ಲ. ಅದನ್ನು ಕಿತ್ತುಹಾಕಿ ಚಾರ್ಜ್ ಆಗುವ ಎಲ್ಇಡಿ ದೀಪ ತಂದೆ. ಹಳದಿ ಬೆಳಕು, ಡಬ್ಬದ ಮೇಲೆ 2700 ಕೆ ಅಥವಾ 3000 ಕೆ ಅಂತ ಇದ್ದರೆ ಅದೇ. 6500 ಇರೋದು ತಂದರೆ ಮನೆ ಮೆಡಿಕಲ್ ಸ್ಟೋರ್ ಆಗುತ್ತೆ. ದೀಪದ ಟೋಪಿಯ ಕೆಳ ಅಂಚು ಕೂತವರ ಕಣ್ಣಿನ ಮಟ್ಟಕ್ಕೆ ಬರಬೇಕು, ಮೇಲಿದ್ದರೆ ಬಲ್ಬು ಎದುರಿನವರ ಕಣ್ಣಿಗೆ ಚುಚ್ಚುತ್ತೆ. ಎರಡು ತಲೆಗಳ ಸಂದಿಯಲ್ಲಿ ಇರೋದರಿಂದ ಎರಡೂ ಕಡೆ ಕೂತವರ ಹೆಗಲ ಮೇಲಿಂದ ಪೇಪರಿಗೆ ಬೆಳಕು ಬೀಳುತ್ತೆ. ಇನ್ನು ಜುಲೈನಲ್ಲಿ ಕೊಂಬೆ ಬಿದ್ದು ಕರೆಂಟ್ ಹೋದಾಗ ಇಡೀ ಮನೆಗೆ ಅದೊಂದೇ ದೀಪ, ಅಡುಗೆಮನೆಗೂ ಅದನ್ನೇ ಎತ್ತಿಕೊಂಡು ಹೋಗುತ್ತೇನೆ. ಆಗ ಚಂದಗಿಂದ ಯಾರಿಗೆ ಬೇಕು.

ನಡುವಿನ ಗೆರೆಯ ಜಾಗಕ್ಕೆ ಗಿಡ್ಡದ್ದು ಏನಾದರೂ ಬೇಕಿತ್ತು. ಅಟ್ಟದ ಮೇಲೆ ಹುಡುಕುವಾಗ ಅತ್ತೆಯ ಹಿತ್ತಾಳೆ ಸೇರು ಸಿಕ್ಕಿತು, ಅಕ್ಕಿ ಅಳೆಯುತ್ತಿದ್ದದ್ದು. ಕರ್ರಗಾಗಿತ್ತು. ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಹಚ್ಚಿ, ತೆಂಗಿನ ನಾರಿನಲ್ಲಿ ಉಜ್ಜುತ್ತಾ ಹೋದರೆ ಕಂಠದ ಕೆಳಗೆ ಬೆರಳಿಗೆ ಏನೋ ತರಿತರಿ ಹತ್ತಿತು. ಬೆಳಕಿಗೆ ಓರೆ ಮಾಡಿ ನೋಡಿದರೆ ಉಳಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ, ಅತ್ತೆಯ ಅಮ್ಮನ ಹೆಸರು. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಮೇಲಕ್ಕೆ ಹತ್ತಿಸಿ ಬರೆದಿದ್ದಾರೆ. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನೇ ಸವರುತ್ತಾ ಕೂತಿದ್ದರು. ನಾನು ಹೆಸರನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟಿದ್ದೆ, ಬಂದವರಿಗೆ ಕಾಣಲಿ ಅಂತ. ಬೆಳಿಗ್ಗೆ ನೋಡಿದರೆ ದಿವಾನ್ ಕಡೆಗೆ ತಿರುಗಿದೆ. ಮತ್ತೆ ತಿರುಗಿಸಿದೆ. ಸಂಜೆ ಮತ್ತೆ ದಿವಾನ್ ಕಡೆಗೆ. "ಬಂದೋರಿಗೆ ಯಾಕೆ ಕಣೇ, ನಾನು ಕೂತಲ್ಲಿಂದ ಕಾಣ್ಲಿ ಬಿಡು" ಅಂದರು. ಬಿಟ್ಟೆ.

ಕಾಫಿ ಬುಡದ ವಿಷಯ ಹೇಳಲೇಬೇಕು, ಯಾಕೆಂದರೆ ಈಗ ಎಲ್ಲರೂ ಅದನ್ನು ಅಲಂಕಾರಕ್ಕೆ ಇಡ್ತಾರೆ. ಕಿತ್ತ ಹಳೇ ಕಾಫಿ ಗಿಡದ ಬುಡ, ಗಂಟುಗಂಟಾಗಿ, ಬೇರು ತಿರುಚಿಕೊಂಡು ಚೆನ್ನಾಗಿರುತ್ತೆ. ಆಗಸ್ಟಿನಲ್ಲಿ ತವರಿಗೆ ಹೋದಾಗ ತೋಟದ ಮೂಲೆಯಲ್ಲಿ ರಾಶಿ ಹಾಕಿದ್ದರಲ್ಲಿ ಒಂದನ್ನು ಆರಿಸಿ ಕಾರಿಗೆ ಹಾಕಿಕೊಂಡು ಬಂದೆ, ತಮ್ಮನಿಗೆ ಹೇಳಲೂ ಇಲ್ಲ. ಬ್ರಷ್‌ನಲ್ಲಿ ಉಜ್ಜಿ, ಪಾಲಿಶ್ ಹೊಡೆದು ಮೇಜಿನ ಬಲತುದಿಗೆ ಇಟ್ಟೆ. ಅಕ್ಟೋಬರ್ ಕೊನೆಗೆ ಒಂದು ಮಧ್ಯಾಹ್ನ ಮಗಳು ಕಿರುಚಿದಳು. ಮೇಜಿನ ಮೇಲೆ ಕಪ್ಪು ಹುಳ, ಮೈಮೇಲೆ ಬಿಳಿ ಪಟ್ಟೆ. ಬುಡದಲ್ಲಿ ಊದಿನಕಡ್ಡಿ ತೂರುವಷ್ಟು ದುಂಡಗಿನ ತೂತು. ಫೋಟೋ ಕಳಿಸಿದ ಎರಡೇ ನಿಮಿಷಕ್ಕೆ ತಮ್ಮ ಫೋನ್ ಮಾಡಿದ. "ಅಕ್ಕಾ, ಕಾಂಡಕೊರಕ ಬಂದ ಅರೇಬಿಕಾ ಅದು, ಸುಡೋಕೆ ಕಿತ್ತು ಹಾಕಿದ್ದು. ಅದನ್ನ ಹಾಲ್‌ಗೆ ತಗೊಂಡು ಹೋಗಿದ್ದೀಯಾ?" ಈ ಹುಳ ಒಳಗೆ ಕೊರೆದ ದಾರಿಗೆಲ್ಲ ಹುಡಿಯನ್ನು ಗಟ್ಟಿಯಾಗಿ ತುಂಬುತ್ತಾ ಹೋಗುತ್ತೆ, ಹೊರಗೆ ಒಂದು ಚಿಟಿಕೆ ಪುಡಿಯೂ ಉದುರಲ್ಲ. ಏಪ್ರಿಲ್ ಮೇ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ ಹಾರುವ ಕಾಲ. ಮೇಜಿಗೆ ಏನೂ ಆಗಲ್ಲ, ಅದಕ್ಕೆ ಬೇಕಿರೋದು ಕಾಫಿ ಗಿಡ. ಆದರೆ ಪಕ್ಕದ ತೋಟಕ್ಕೆ ಹಾರಿದರೆ? ಬುಡವನ್ನು ಅವತ್ತೇ ಬಚ್ಚಲ ಒಲೆಗೆ ಹಾಕಿದೆ. ಅಷ್ಟೊಂದು ಪಾಲಿಶ್ ಹೊಡೆದಿದ್ದೆ, ಹೊಟ್ಟೆ ಉರಿಯಿತು, ನೀರೂ ಚೆನ್ನಾಗಿ ಕಾದಿತು. ಆಮೇಲೆ ತಮ್ಮನೇ ರೋಬಸ್ಟಾ ಬುಡ ಕೊಟ್ಟ, ಅದಕ್ಕೆ ಈ ಹುಳದ ಕಾಟ ಅಷ್ಟಿಲ್ಲ. ತೊಗಟೆ ಪೂರ್ತಿ ಕೆತ್ತಿ, ಒಲೆ ಮೇಲಿನ ಅಟ್ಟದಲ್ಲಿ ಮೂರು ತಿಂಗಳು ಒಣಗಿಸಿ ಆಮೇಲೆ ಇಟ್ಟಿದ್ದು.

ಗುಳೇದಗುಡ್ಡದ ಖಣ ಒಂದು ತುಂಡಿತ್ತು, ಹತ್ತಿಂಚು ಅಗಲಕ್ಕೆ ಹೊಲಿಸಿ ಹಾಸಿದೆ. ಚೆನ್ನಾಗಿದೆ, ಆದರೆ ಜೂನ್ ಬಂತು ಅಂದರೆ ತೆಗೆದಿಡಬೇಕು, ಇಲ್ಲದಿದ್ದರೆ ಅಡಿಯಲ್ಲಿ ಬೂಷ್ಟು. ಮಳೆಗಾಲದಲ್ಲಿ ಮೇಜು ಬರಿಮೈಯಲ್ಲೇ ಇರಲಿ, ವಾರಕ್ಕೊಮ್ಮೆ ವಿನೆಗರ್ ಹಾಕಿದ ನೀರಲ್ಲಿ ಬಟ್ಟೆ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿದರೆ ಸಾಕು.

ಬಾಗಿಲಿಂದ ಬಂದವರಿಗೆ ಮೇಲ್ಗಡೆಗಿಂತ ಕೆಳಗಡೆಯೇ ಜಾಸ್ತಿ ಕಾಣೋದು. ಅದಕ್ಕೆ ಅಡಿಯ ಹಲಗೆ ಮೇಲೆ ಎರಡು ಬೆತ್ತದ ಬುಟ್ಟಿ. ಒಂದರಲ್ಲಿ ಕಂಬಳಿ, ಇನ್ನೊಂದರಲ್ಲಿ ಚಾರ್ಜರ್, ಟಾರ್ಚ್, ಮಗಳ ಸ್ವೆಟರ್. ಸ್ಟೇಪ್ಲರ್ ಪಿನ್ನುಗಳೆಲ್ಲ ಬುಟ್ಟಿಯ ಹಿಂದೆ ಮಾಯ. ಎರಡೂ ಒಂದೇ ಅಳತೆಯ ಬುಟ್ಟಿ ತಗೊಳ್ಳಿ, ಇಲ್ಲಿ ಮಾತ್ರ ಜೋಡಿ ಇದ್ದರೇ ಚೆಂದ. ಬಲತುದಿಯಲ್ಲಿ ಕಾಫಿ ಬುಡದ ಪಕ್ಕ ಒಂದು ಅಡಿ ಜಾಗ ಏನೂ ಇಡದೆ ಬಿಟ್ಟಿದ್ದೆ, ಕಣ್ಣಿಗೆ ಸ್ವಲ್ಪ ಆರಾಮ ಇರಲಿ ಅಂತ. ನಮ್ಮ ಮನೆಯಲ್ಲಿ ಖಾಲಿ ಜಾಗ ಅಂದರೆ ಕೀ, ಕರೆಂಟ್ ಬಿಲ್, ಅರ್ಧ ತಿಂದ ಕಡಲೆಮಿಠಾಯಿ ಇಡೋ ಜಾಗ ಅಂತ ಅರ್ಥ. ಒಂದು ತಿಂಗಳು ಜಗಳ ಆಡಿದೆ. ಆಮೇಲೆ ಅಲ್ಲೇ ಒಂದು ಮರದ ಟ್ರೇ ಇಟ್ಟುಬಿಟ್ಟೆ, ಏನಿಟ್ಟರೂ ಅದರೊಳಗೇ ಇಡಿ ಅಂದೆ. ಇವತ್ತಿನ ಲೆಕ್ಕ: ಮೂರು ಮದುವೆ ಪತ್ರಿಕೆ, ಒಂದು ಗೃಹಪ್ರವೇಶದ್ದು, ಸ್ಕೂಟರ್ ಕೀ, ಅತ್ತೆಯ ಕನ್ನಡಕದ ಡಬ್ಬಿ. ಕನ್ನಡಕ ಮಾತ್ರ ಸೇರಿನೊಳಗೆ ಇದೆ.